ಅತ್ತೆಯ ಕೋಳಿಗೂಡು

ಅಳಿಯ ಹಳೇ ಕೋಟೆಗೋಡೆಯ ಕಾವಲುಗಾರ. ಅತ್ತೆ ಕೋಳಿಗೂಡು ಕಟ್ಟಿದ್ದು ಆ ಗೋಡೆಯ ಪಕ್ಕದಲ್ಲೇ. ಕೋಟೆಯಿಂದ ಉದುರಿದ ಕಲ್ಲು ಅಲ್ಲೇ ಬಿದ್ದಿರುವಾಗ ಬೇರೆಲ್ಲಿಂದಲೋ ಹೊತ್ತು ತರಲು ಆಕೆಗೇನು ಹುಚ್ಚೇ? ನೂರು ಗಜದೊಳಗೆ ಹೊಸದೇನನ್ನೂ ಕಟ್ಟಬಾರದೆಂಬ ಫಲಕವೇನೋ ಇತ್ತು. ಅದರ ಮೇಲೆ ಆಕೆ ಬಟ್ಟೆ ಒಣಹಾಕುತ್ತಿದ್ದಳು. ಇಲಾಖೆಗಿಂತ ಅತ್ತೆಗೇ ಹೆಚ್ಚು ಹೆದರುವ ಕಾವಲುಗಾರ ಎರಡು ವರ್ಷ ಕಣ್ಣುಮುಚ್ಚಿಕೊಂಡು ಕಾವಲು ಕಾದ.

ಆ ದಿನ ಬೆಳಗ್ಗೆ ಫೋನು ಬಂತು. ಹೊಸ ಸಾಹೇಬರು ನಾಲ್ಕು ಗಂಟೆಗೆ ತಪಾಸಣೆಗೆ ಬರುತ್ತಾರೆ. ಹೊಸ ಕಟ್ಟಡ ಕಂಡರೆ ಕಾವಲುಗಾರನ ಕೆಲಸವೂ ಇಲ್ಲ, ಇಲಾಖೆ ಕೊಟ್ಟ ಮನೆಯೂ ಇಲ್ಲ.

"ಅತ್ತೆ, ಕಾಲಿಗೆ ಬೀಳ್ತೀನಿ, ಗೂಡು ಕೆಡವೋಣ."

"ಮೂರು ಕೋಳಿ ಕಾವಿಗೆ ಕೂತಿವೆ ಕಣಪ್ಪ. ಗೂಡು ಮುಟ್ಟಿದರೆ ನೋಡು!"

ಜಗಳ ಕೇಳಿ ಪಕ್ಕದ ಮನೆ ಮೇಸ್ತ್ರಿ, ಕರೆಯದಿದ್ದರೂ ಬಂದ. "ಹೊಸದು ಅಂತ ಗೊತ್ತಾದರೆ ತಾನೇ ಫಜೀತಿ? ಹಳೇದು ಮಾಡಿಬಿಡೋಣ, ಬನ್ನಿ."

ಮೇಸ್ತ್ರಿ ಒಂದು ಮೂಲೆ ಮುಕ್ಕು ಮಾಡಿದ. ಅತ್ತೆ ಮಸಿ ಬಳಿದು, ಬಚ್ಚಲ ಪಾಚಿ ಕೆರೆದು ತಂದು ಮೆತ್ತಿದಳು. ಮಧ್ಯಾಹ್ನದ ಹೊತ್ತಿಗೆ ಗೂಡು ಏಳು ಯುದ್ಧ ಸೋತ ರಾಜನ ಹಾಗೆ ಕೂತಿತ್ತು. ಕಾವಲುಗಾರ ನೆಮ್ಮದಿಯಿಂದ ಸಾಹೇಬರನ್ನು ಕರೆತರಲು ಹೆದ್ದಾರಿಗೆ ಹೋದ.

ಮೇಸ್ತ್ರಿಯ ಕೈ ಸುಮ್ಮನಿರಲಿಲ್ಲ. ದೊಡ್ಡವರು ಬರುವಾಗ ಕೋಟೆಗೋಡೆ ಹೀಗೆ ಬಾಯಿಬಿಟ್ಟುಕೊಂಡಿದ್ದರೆ ಚೆನ್ನಾಗಿರುತ್ತದೆಯೇ? ಮನೆಯಲ್ಲಿ ಮಿಕ್ಕಿದ್ದ ಸಿಮೆಂಟು ತಂದು ಮೆತ್ತಿ, ನುಣ್ಣಗೆ ಸವರಿ, ಮೇಲೆ ಹಳದಿ ಬಣ್ಣವನ್ನೂ ಹೊಡೆದ.

ಜೀಪಿನಿಂದ ಇಳಿದ ಕಾವಲುಗಾರ ಹಳದಿ ಗೋಡೆಗೆ ಅಡ್ಡ ನಿಂತ. ಹೋದ ತಿಂಗಳವರೆಗೆ ನೀರು ಸರಬರಾಜು ನೋಡಿಕೊಳ್ಳುತ್ತಿದ್ದ ಸಾಹೇಬರು ಮಾತ್ರ ನೇರವಾಗಿ ಗೂಡಿನ ಮುಂದೆ ಹೋಗಿ ಟೋಪಿ ತೆಗೆದರು.

"ಆಹಾ! ಬಾಗಿಲು ನೋಡಯ್ಯಾ, ಆ ಕಾಲದ ಜನ ಎಷ್ಟು ಗಿಡ್ಡ ಇದ್ದಿರಬೇಕು!" ಒಳಗಿನಿಂದ ಕೊಕ್ಕೊಕ್ಕೋ ಎಂದಿತು. "ಥೂ, ಇಂಥಾ ಸ್ಮಾರಕದೊಳಗೆ ಕೋಳಿ ಬಿಟ್ಟಿದ್ದೀರಲ್ಲ! ಅದಿರಲಿ, ಪಕ್ಕದಲ್ಲಿ ಈ ಹಳದಿ ಕಾಂಪೌಂಡು ಯಾವನದು? ನಾಳೆಯೇ ಕೆಡವಿಸು."

ಸುಮ್ಮನಿದ್ದರೆ ಕೆಲಸ ಉಳಿಯುತ್ತಿತ್ತು. ಆದರೆ ಇಪ್ಪತ್ತು ವರ್ಷ ಆ ಗೋಡೆಗೆ ಬೆನ್ನು ಕೊಟ್ಟು ಕೂತವನಿಗೆ ತಡೆಯಲಾಗಲಿಲ್ಲ. "ಸಾರ್, ಅದೇ ಸಾರ್ ಕೋಟೆ! ಇದು ನಮ್ಮತ್ತೆ ಕೋಳಿಗೂಡು!"

ಸಾಹೇಬರು ಗೋಡೆಗೆ ಹೆಬ್ಬೆರಳು ಒತ್ತಿದರು. ಗುರುತು ಬಿತ್ತು. "ಸಿಮೆಂಟು ಇನ್ನೂ ಆರಿಲ್ಲ, ನನಗೇ ಇತಿಹಾಸ ಹೇಳ್ತೀಯಾ? ಹಿಡಿ ಟೇಪು."

ಕೋಟೆಯಿಂದ ನೂರಾಮೂರು ಗಜ ದೂರವಿದ್ದ ಕಾವಲುಗಾರನ ಮನೆ, ಗೂಡಿನಿಂದ ತೊಂಬತ್ತೆಂಟೇ ಗಜ ಬಂತು.

"ವಾರದೊಳಗೆ ಈ ಮನೆಯನ್ನೂ ಕೆಡವು. ಹೆದರಬೇಡ, ನಿನ್ನ ಕೆಲಸ ಭದ್ರ. ಇಷ್ಟು ಹಳೇ ಸ್ಮಾರಕಕ್ಕೆ ಕಾವಲು ಬೇಡವೇ?"

ಜೀಪು ಹೋದ ಮೇಲೆ ಅತ್ತೆ ಬಾಗಿಲಿಗೆ ಬಂದಳು. "ಏನಂದರು?"

"ಗೂಡು ಮುಟ್ಟಬಾರದಂತೆ, ಅತ್ತೆ."

"ತಿಳಿದ ಮನುಷ್ಯ," ಅಂದಳು ಅತ್ತೆ.