ಅಲ್ ಬರ್ಷಾದ ನಮ್ಮ ಸೋಫಾಕ್ಕೆ ಬಂದವರು

ಬೇರೆಯವರ ಮನೆಗೆ ಹಾಲು ಬರುತ್ತದೆ, ಪೇಪರ್ ಬರುತ್ತದೆ. ನಮ್ಮ ಮನೆಗೆ ಜನ ಬರುತ್ತಾರೆ. ಯಾವ ದೇಶದವರು, ಎಷ್ಟು ದೊಡ್ಡ ಬ್ಯಾಗ್ ಹೊತ್ತವರು ಎಂದು ಮೊದಲೇ ಹೇಳಲಾಗುವುದಿಲ್ಲ. ಬಂದ ಮೇಲೆ ಏನಾದರೊಂದು ಎಡವಟ್ಟು ಆಗದೆ ಹೋಗುವುದಂತೂ ಇಲ್ಲ.

ಇದಕ್ಕೆಲ್ಲ ಕಾರಣ ನನ್ನ ಗಂಡ. ಇವರಿಗೆ ದುಬೈಯ ಒಂದು ಹೋಟೆಲಿನ ರಿಸೆಪ್ಶನ್‌ನಲ್ಲಿ ಕೆಲಸ. ದಿನವಿಡೀ ಬಂದವರಿಗೆಲ್ಲ ಹಲ್ಲು ಬಿಟ್ಟು ಸ್ವಾಗತ ಹೇಳಿದ ಮನುಷ್ಯ ಮನೆಗೆ ಬಂದು ಕಾಲು ಚಾಚಿ ಬಿದ್ದುಕೊಳ್ಳಬೇಕು ತಾನೆ? ಇಲ್ಲ. ಒಂದು ಪ್ರವಾಸಿ ಕ್ಲಬ್ಬಿಗೆ ಸೇರಿದರು. ಮುರಕ್ಕಬಾತ್‌ನಲ್ಲಿ ಅತ್ತರಿನ ಅಂಗಡಿ ಇಟ್ಟಿರುವ, ಉಡುಪಿ ಕಡೆಯ ಬ್ಯಾರಿ ಸಾಹೇಬರೊಬ್ಬರು ಅದರ ಅಧ್ಯಕ್ಷರು. ಊರೂರು ಸುತ್ತುವವರಿಗೆ ನಮ್ಮ ಹಾಲ್‌ನ ಸೋಫಾದಲ್ಲಿ ಪುಕ್ಕಟೆ ಜಾಗ ಕೊಡುವುದು, ನಾಳೆ ನಾವು ಹೋದಾಗ ಅವರ ಸೋಫಾದಲ್ಲಿ ನಾವು ಮಲಗುವುದು, ಇದು ಕ್ಲಬ್ಬಿನ ಲೆಕ್ಕಾಚಾರ. ಆ ನಾಳೆ ಇನ್ನೂ ಬಂದಿಲ್ಲ. ಇದರ ಮೇಲೆ ತಿಂಗಳಿಗೊಂದು ಕೂಟ ಬೇರೆ.

ನಮ್ಮದು ಒಂದು ಬೆಡ್‌ರೂಮಿನ ಫ್ಲಾಟ್. ಬಾಡಿಗೆ ಹಳೆಯ ದರದ್ದು, ಮೆಟ್ರೋ ಹತ್ತಿರ, ಮಗಳ ಶಾಲೆಯ ಬಸ್ಸು ಬಾಗಿಲಿಗೇ ಬರುತ್ತದೆ. ಬಾಲ್ಕನಿಯಲ್ಲಿ ನಾನು ಮಗುವಿನ ಹಾಗೆ ಸಾಕಿದ ಕರಿಬೇವಿನ ಗಿಡ ಉಂಟು. ಇಂಥ ಮನೆ ಈ ಊರಲ್ಲಿ ಇನ್ನೊಂದು ನಮಗೆ ಸಿಗುವುದಿಲ್ಲ. ಒಂದು ಸೋಫಾದ ದೆಸೆಯಿಂದ ಆ ಮನೆಯೇ ಕೈಬಿಟ್ಟು ಹೋಗುವ ಹಾಗಾದದ್ದನ್ನು ಈಗ ಹೇಳುತ್ತೇನೆ.

ನೀರುದೋಸೆಯ ಪಂದ್ಯ

ನಮ್ಮ ಮೊದಲ ಅತಿಥಿ ಕೊರಿಯಾದ ಹುಡುಗ. ಕಡ್ಡಿಯ ಹಾಗಿದ್ದ. ಇಂಗ್ಲಿಷ್ ಅಷ್ಟಕ್ಕಷ್ಟೆ. ಬಂದವನೇ ಬಗ್ಗಿ ನಮಸ್ಕಾರ ಮಾಡಿದ, ಎದ್ದು ಮತ್ತೆ ಬಗ್ಗಿದ. ನನಗೆ ತುಂಬಾ ಇಷ್ಟವಾದ. ನೀರುದೋಸೆ, ಕೋಳಿ ಸುಕ್ಕ ಮಾಡಿದೆ.

ಹುಡುಗ ಬಡಿಸಿದ್ದನ್ನು ಚೊಕ್ಕವಾಗಿ ತಿಂದು ಮುಗಿಸಿದ. ತಟ್ಟೆ ಖಾಲಿಯಾದರೆ ನಮ್ಮ ಊರಿನ ಕಡೆ ಸುಮ್ಮನೆ ನೋಡುತ್ತಾ ನಿಲ್ಲಲಿಕ್ಕೆ ಆಗುತ್ತದಾ? ಮತ್ತೆ ಹಾಕಿದೆ. ಮತ್ತೆ ಮುಗಿಸಿದ. ನಾನು ಹೊಯ್ಯುವುದು, ಅವನು ತಿನ್ನುವುದು. ಪಾಪ, ಎಷ್ಟು ದಿನದಿಂದ ಹಸಿದಿದ್ದಾನೋ ಎಂದು ನನ್ನ ಕಣ್ಣಲ್ಲಿ ನೀರು ಬಂತು. ಅವನ ಕಣ್ಣಲ್ಲೂ ನೀರಿತ್ತು. ಸುಕ್ಕದ ಖಾರ ಇರಬೇಕೆಂದುಕೊಂಡು ಸ್ವಲ್ಪ ತೆಂಗಿನಹಾಲು ಹಾಕಿ ಇನ್ನೂ ಎರಡು ದೋಸೆ ಕೊಟ್ಟೆ.

"ಮಮ್ಮಿ, ಸ್ಟಾಪ್! ಹಿ ಈಸ್ ಗೋಯಿಂಗ್ ಟು ಬರ್ಸ್ಟ್!" ಎಂದು ಮಗಳು ಕೂಗಿದಳು.

"ಬೇಡ ಅಂದ್ರೆ ತಟ್ಟೆಯಲ್ಲಿ ಬಿಡ್ತಾನೆ. ನೀನು ಸುಮ್ಮನಿರು," ಎಂದೆ.

ಬಡಿಸಿದ್ದನ್ನು ಬಿಡಬಾರದು ಎಂದು ಅವನಿಗೆ ಮನೆಯಲ್ಲಿ ಕಲಿಸಿದ್ದರಂತೆ. ಇದು ನಮಗೆ ಆಮೇಲೆ ಗೊತ್ತಾದದ್ದು. ಕೊನೆಗೆ ಹಿಟ್ಟು ಖಾಲಿಯಾಯಿತು. ನಾನು ಖಾಲಿ ಪಾತ್ರೆಯನ್ನು ಬೋರಲು ಮಾಡಿ ತೋರಿಸಿದೆ. ಹುಡುಗ ಉಸಿರುಬಿಟ್ಟು, ಬೆವರು ಒರೆಸಿಕೊಂಡು, ಫೋನಿನಲ್ಲಿ ಏನೋ ಟೈಪ್ ಮಾಡಿ ಅನುವಾದವನ್ನು ನಮ್ಮೆದುರು ಹಿಡಿದ. ಅದರಲ್ಲಿ ಹೀಗಿತ್ತು: "ಈ ಆಟದಲ್ಲಿ ಗೆದ್ದದ್ದು ನಾನಾ?"

ಮೌನ ಹುಡುಕಲು ಬಂದವನು

ಚಳಿಗಾಲದಲ್ಲಿ ಕ್ಲಬ್ಬಿನ ಕೂಟ ಮರುಭೂಮಿಯಲ್ಲಿ. ಆ ಸಲ ನಮ್ಮ ಸೋಫಾದಲ್ಲಿದ್ದವನು ಫಿನ್‌ಲ್ಯಾಂಡಿನ ಒಬ್ಬ ಧ್ಯಾನಿ. ಮಾತು ಕಮ್ಮಿ. "ನಾನು ಬಂದದ್ದು ಮರುಭೂಮಿಯ ಮೌನ ಕೇಳಲಿಕ್ಕೆ," ಎಂದ. "ಕೇಳುವಾ, ಅದಕ್ಕೇನಂತೆ!" ಎಂದು ಇವರು ಅವನ ಬೆನ್ನು ತಟ್ಟಿದರು.

ಮೌನ ಕೇಳಲಿಕ್ಕೆ ನಮ್ಮವರು ತಂದ ಸಾಮಾನು ನೋಡಬೇಕಿತ್ತು. ಎರಡು ಗ್ಯಾಸ್ ಒಲೆ, ದೊಡ್ಡ ಕುಕ್ಕರ್, ಸ್ಪೀಕರ್, ಕೇರಂ ಬೋರ್ಡ್. ಮರಳಿನ ಮೇಲೆ ಕೇರಂ ನೇರ ನಿಲ್ಲುವುದಿಲ್ಲವೆಂದು ಅದನ್ನು ಹಿಡಿದುಕೊಳ್ಳಲಿಕ್ಕೇ ಇಬ್ಬರು. ಅಂತ್ಯಾಕ್ಷರಿ ಶುರುವಾದದ್ದೇ ಧ್ಯಾನಿ ಎದ್ದು ಸ್ವಲ್ಪ ದೂರ ಹೋಗಿ ಕೂತ. ಅಧ್ಯಕ್ಷರು ಮೈಕು ಹಿಡಿದು ಹಾಡಲು ನಿಂತಾಗ ಇನ್ನೂ ದೂರ ಹೋದ. ನಾವು ಬಿರಿಯಾನಿ ತೆರೆಯುವಾಗ ಅವನು ಎಲ್ಲಿಯೂ ಇರಲಿಲ್ಲ.

ಎಲ್ಲರೂ ತಟ್ಟೆ ಬಿಟ್ಟು ಎದ್ದರು. ಸೂರ್ಯ ಇಳಿಯುತ್ತಿದ್ದ, ಸುತ್ತ ಒಂದೇ ತರದ ದಿಬ್ಬಗಳು. ಹೆಸರು ಹಿಡಿದು ಕೂಗೋಣವೆಂದರೆ ಆ ಹೆಸರು ಯಾರ ಬಾಯಲ್ಲೂ ಹೊರಳುತ್ತಿರಲಿಲ್ಲ. "ಯಲ್ಲಾ, ಗಾಡಿ ತೆಗೀರಿ!" ಎಂದು ಅಧ್ಯಕ್ಷರು ಹೊರಟು ನಿಂತರು. ಅಷ್ಟರಲ್ಲಿ ಯಾರೋ ಮರೆತೇಬಿಟ್ಟಿದ್ದ ಕಡಲೆ ಗಸಿಯ ಕುಕ್ಕರ್ ಉದ್ದಕ್ಕೆ ಕೂಗಿತು. ಮತ್ತೊಮ್ಮೆ ಕೂಗಿತು. ಸ್ವಲ್ಪ ಹೊತ್ತಿಗೆ ದಿಬ್ಬದ ತುದಿಯಲ್ಲಿ ಒಂದು ಕೆಂಪು ಮುಖ ಕಾಣಿಸಿತು.

ಊರಿಗೆ ಹೋದ ಮೇಲೆ ಅವನು ಕ್ಲಬ್ಬಿನ ಪುಟದಲ್ಲಿ ಬರೆದ: "ಮರುಭೂಮಿಯಲ್ಲಿ ನನಗೆ ದಾರಿ ತೋರಿಸುವ ಒಂದು ಕರೆ ಕೇಳಿಸಿತು. ಅದು ಎಲ್ಲಿಂದ ಬಂತೆಂದು ಹೇಳಲಾರೆ." ಇವರು ಅದನ್ನು ಎಲ್ಲರಿಗೂ ಓದಿ ಹೇಳಿದರು. ಎಲ್ಲಿಂದ ಬಂತೆಂದು ನಾವೂ ಹೇಳಲಿಲ್ಲ.

ಅಬುಧಾಬಿ ದರ್ಶನ

ಆಸ್ಟ್ರೇಲಿಯಾದ ವಯಸ್ಸಾದ ಗಂಡಹೆಂಡತಿ ಬಂದಿದ್ದರು. "ಅಬುಧಾಬಿಯನ್ನು ನಾನೇ ತೋರಿಸ್ತೇನೆ, ಗೈಡ್ ಯಾಕೆ? ನನಗೆ ಅಲ್ಲಿಯ ಕಲ್ಲುಕಲ್ಲೂ ಗೊತ್ತು," ಎಂದು ಇವರು ಎದೆ ಉಬ್ಬಿಸಿ ಹೊರಟರು. ನನಗೂ ರಜೆ ಇತ್ತು, ಹಿಂದೆ ಕೂತೆ.

ಇಷ್ಟು ವರ್ಷ ಈ ದೇಶದಲ್ಲಿದ್ದು ನಾವು ನೋಡಿದ್ದೇನು? ಕೆಲಸ, ಮನೆ, ಸೂಪರ್ ಮಾರ್ಕೆಟ್ ಅಷ್ಟೇ. ಅದು ಆ ದಿನ ಹೊರಬಿತ್ತು.

"ನಿಮ್ಮ ಎಡಗಡೆಗೆ ನೋಡಿ," ಎಂದರು ಇವರು ಗೈಡಿನ ಗತ್ತಿನಲ್ಲಿ. ಎಡಗಡೆಗೆ ಒಂದು ಬೂದು ಕಟ್ಟಡ. "ನನ್ನ ಮೊದಲ ವೀಸಾದ ಮೆಡಿಕಲ್ ಆದದ್ದು ಇಲ್ಲಿ. ರಕ್ತ ತೆಗೆದದ್ದು ಮೂರನೇ ಮಾಳಿಗೆಯಲ್ಲಿ." ಇಬ್ಬರೂ ಫೋಟೋ ತೆಗೆದರು. "ಈಗ ಬಲಗಡೆಗೆ. ಆ ಗಾಜಿನ ಕಟ್ಟಡದಲ್ಲಿ ನನ್ನ ಭಾವನಿಗೆ ಕೆಲಸ." ಭಾವ ಎಂದರೆ ನನ್ನ ಅಣ್ಣ, ಅಲ್ಲಿ ಅಕೌಂಟ್ಸ್‌ನಲ್ಲಿದ್ದಾನೆ. ಅದಕ್ಕೂ ಫೋಟೋ. ದೊಡ್ಡ ಮಸೀದಿ ಬಂತು. ಆ ಬಿಳಿ ಗುಮ್ಮಟಗಳನ್ನು ನೋಡಿ ಅಜ್ಜಿ ಬಾಯಿ ತೆರೆದು ಕೂತರು. ಇದರ ಬಗ್ಗೆ ಏನಾದರೂ ಹೇಳಿ ಎಂದರು. ಇವರು ಸ್ವಲ್ಪ ಯೋಚಿಸಿ, "ಆ ಬದಿಯಿಂದ ಹೋದ್ರೆ ಪಾರ್ಕಿಂಗ್ ಬೇಗ ಸಿಗ್ತದೆ," ಎಂದರು.

ಮಾನ ಹೋಯಿತೆಂದು ನಾನು ಸೀಟಿನಲ್ಲಿ ಕುಗ್ಗಿದೆ. ಆದರೆ ದಾರಿಯಲ್ಲಿ ಪೆಟ್ರೋಲ್ ಬಂಕಿನ ಕರಕ್ ಚಾ ಕುಡಿಯುತ್ತಾ ಅಜ್ಜ ಹೇಳಿದರು, "ಮಸೀದಿಯನ್ನು ಪುಸ್ತಕದಲ್ಲೂ ನೋಡಬಹುದು. ಆ ರಕ್ತ ತೆಗೆದ ಕಟ್ಟಡವನ್ನು ಇನ್ಯಾರು ತೋರಿಸುತ್ತಾರೆ?" ಆಮೇಲೆ ಹೆಂಡತಿಯ ಕಡೆ ತಿರುಗಿ, "ಎಕ್ಸ್‌ರೇ ಎಲ್ಲಿ ತೆಗೆದದ್ದು ಅಂತ ಕೇಳು. ಅದನ್ನೂ ನೋಡಿಕೊಂಡೇ ಹೋಗೋಣ," ಎಂದರು.

ಶುಕ್ರವಾರದ ಕೂಟ

ಇಷ್ಟೆಲ್ಲ ಆಗುವಾಗ ಕೆಳಗೆ ನಮ್ಮ ಬಿಲ್ಡಿಂಗಿನ ವಾಚ್‌ಮನ್ ಎಲ್ಲವನ್ನೂ ನೋಡುತ್ತಿದ್ದ. ಒಂದು ದಿನ ಕಟ್ಟಡದ ಆಫೀಸಿನಿಂದ ಫೋನು ಬಂತು. ನಿಮ್ಮ ಫ್ಲಾಟಿನಲ್ಲಿ ವಾರಕ್ಕೊಬ್ಬರು ಹೊಸಬರು ಮಲಗುತ್ತಾರಂತೆ, ನೀವು ಹಾಲ್‌ನಲ್ಲಿ ಬೆಡ್ ಸ್ಪೇಸ್ ಅಂತ ಮಂಚದ ಲೆಕ್ಕದಲ್ಲಿ ಜಾಗ ಬಾಡಿಗೆಗೆ ಕೊಡುತ್ತಿದ್ದೀರೆಂದು ದೂರು ಬಂದಿದೆ, ನಮ್ಮವರು ಬಂದು ನೋಡುತ್ತಾರೆ, ನಿಜವಾದರೆ ಈ ವರ್ಷದ ಕರಾರು ಮುಗಿದೊಡನೆ ಮನೆ ಖಾಲಿ ಮಾಡಬೇಕು ಎಂದರು.

ನನಗೆ ನಿಜಕ್ಕೂ ಹೆದರಿಕೆಯಾಯಿತು. ಬಾಲ್ಕನಿಗೆ ಹೋಗಿ ಕರಿಬೇವಿನ ಗಿಡದ ಹತ್ತಿರ ನಿಂತು ಅತ್ತೆ. ಬಂದು ಇವರಿಗೆ ಹೇಳಿದೆ, "ಇನ್ನು ಒಬ್ಬರೂ ಬರಬಾರದು. ಖಲಾಸ್."

"ಖಲಾಸ್, ಮಾರಾಯ್ತಿ," ಎಂದು ತಲೆ ಆಡಿಸಿದರು. ಆಮೇಲೆ ಮೆಲ್ಲಗೆ, "ಈ ಶುಕ್ರವಾರದ್ದೊಂದು ಮುಗೀಲಿ. ಕೂಟ ನಮ್ಮಲ್ಲೇ ಅಂತ ಹೇಳಿ ಆಗಿದೆ. ಟರ್ಕಿಯಿಂದ ಒಬ್ಬ ದೊಡ್ಡ ಪ್ರವಾಸಿ ಬರ್ತಾನೆ. ಬೇಡ ಅಂತ ಹೇಳುದು ಹೇಗೆ?"

"ಅವತ್ತೇ ಆ ಆಫೀಸಿನವನೂ ಬಂದ್ರೆ?"

"ಬರ್ಲಿ. ನಾನು ಹೋಟೆಲಿನವ. ಮುಖ ನೋಡಿದ ಕೂಡ್ಲೇ ಯಾರು, ಎಲ್ಲಿಯವ, ಯಾಕೆ ಬಂದ ಅಂತ ಹೇಳ್ತೇನೆ."

ಟರ್ಕಿಯವನ ಮುಖ ಯಾರೂ ನೋಡಿರಲಿಲ್ಲ. ಕ್ಲಬ್ಬಿನ ಪುಟದಲ್ಲಿ ಅವನ ಫೋಟೋದ ಜಾಗದಲ್ಲಿ ಒಂದು ಬೆಟ್ಟ ಇತ್ತು.

ಶುಕ್ರವಾರ ಸಂಜೆ ಹಾಲ್ ತುಂಬಾ ಜನ. ಬೆಲ್ ಆಯಿತು. ಬಾಗಿಲಲ್ಲಿ ಟೀ ಶರ್ಟ್ ಹಾಕಿದ, ಬೆನ್ನಿಗೆ ಬ್ಯಾಗ್ ಏರಿಸಿದ ಭಾರೀ ಆಳು. "ನಾನು..." ಎಂದು ಬಾಯಿ ತೆರೆದ ಅಷ್ಟೆ, ಇವರು ಅಪ್ಪಿಕೊಂಡೇ ಬಿಟ್ಟರು. ನನಗೆ ಕಣ್ಣು ಮಿಟುಕಿಸಿ, "ನೋಡು, ಟರ್ಕಿ!" ಎಂದರು. ಬಂದವರನ್ನು ನೀವು ಯಾರು ಎಂದು ಬಾಗಿಲಲ್ಲಿ ಕೇಳುವ ಕ್ರಮ ನಮ್ಮಲ್ಲಿ ಇಲ್ಲ. ಮೊದಲು ನೀರು, ಬೆಲ್ಲ. ನೀರು ಕುಡಿಯುವಷ್ಟರಲ್ಲಿ ತಟ್ಟೆ ಬಂತು. ಅವನು ಮತ್ತೆ "ನಾನು..." ಎಂದ. ಕೋರಿರೊಟ್ಟಿ ಬಂತು. ರೊಟ್ಟಿ ಮುರಿದು ಸಾರು ಹಾಕಿ ನಾನೇ ತೋರಿಸಿಕೊಟ್ಟೆ. ಒಂದು ತುತ್ತು ತಿಂದವನು ಆಮೇಲೆ ಏನೂ ಹೇಳಲು ಹೋಗಲಿಲ್ಲ.

ಅಷ್ಟರಲ್ಲಿ ಮತ್ತೆ ಬೆಲ್. ಈ ಸಲ ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ, ಕನ್ನಡಕ, ಕೈಯಲ್ಲಿ ಫೈಲು. ಮುಖದಲ್ಲಿ ನಗುವಿನ ಸುಳಿವೇ ಇಲ್ಲ. ಇವರ ಮುಖ ಬೆಳ್ಳಗಾಯಿತು. "ಬಂದ," ಎಂದು ಪಿಸುಗುಟ್ಟಿದರು.

"ಹಾಲ್‌ನಲ್ಲಿ ಜನ ಮಲಗುವ ಫ್ಲಾಟ್ ಇದೇ ತಾನೆ?" ಎಂದು ಆತ ಕೇಳಿದ.

"ಇಲ್ಲ ಸರ್! ನಮ್ಮ ಮನೆಯಲ್ಲಿ ಯಾರೂ ಮಲಗುವುದಿಲ್ಲ. ನಾವೇ ಸರಿಯಾಗಿ ಮಲಗುವುದಿಲ್ಲ," ಎಂದರು ಇವರು.

ಆತ ಒಳಗೆ ಬಂದು, ಜೇಬಿನಿಂದ ಟೇಪು ತೆಗೆದು, ಸೋಫಾದ ಉದ್ದ ಅಳೆದ. ಇವರು ಅಡ್ಡ ಬಂದು ನಿಂತರು. "ಅದು ಕೂರಲಿಕ್ಕೆ ಮಾತ್ರ ಸರ್. ನಾವು ಹೊರಗಿನವರನ್ನು ಹೊಸಿಲು ಕೂಡ ದಾಟಿಸುವುದಿಲ್ಲ."

"ಹಾಗಾದರೆ ಇವರೆಲ್ಲ?"

"ಎಲ್ಲ ಕುಟುಂಬದವರು!" ಇವರು ಕಣ್ಣಿಗೆ ಬಿದ್ದವರಿಗೆಲ್ಲ ಸಂಬಂಧ ಕಟ್ಟತೊಡಗಿದರು. ಗಡ್ಡದ ಬ್ಯಾರಿ ಸಾಹೇಬರು ನನ್ನ ಚಿಕ್ಕಪ್ಪನಾದರು. ಸಾಹೇಬರು ತಕ್ಷಣ ಎದ್ದು ನಿಂತು, "ಹೌದು ಹೌದು, ನಾನು ಎತ್ತಿ ಆಡಿಸಿದ ಮಗು ಇದು," ಎಂದು ನನ್ನ ಕಡೆ ಕೈ ತೋರಿಸಿದರು. ಕೊನೆಗೆ ಇವರು ಸೋಫಾದಲ್ಲಿ ಕೋರಿರೊಟ್ಟಿ ಮೆಲ್ಲುತ್ತಿದ್ದ ಭಾರೀ ಆಳಿನ ಹೆಗಲ ಮೇಲೆ ಕೈಯಿಟ್ಟು, "ಇವರು ನನ್ನ ಹೆಂಡತಿಯ ಸ್ವಂತ ಅಣ್ಣ. ಅಬುಧಾಬಿಯಲ್ಲಿ ಅಕೌಂಟ್ಸ್!" ಎಂದರು. ಅಣ್ಣ ತಲೆಯೆತ್ತಿ ನನ್ನನ್ನು ನೋಡಿದ. ನಾನು ಬೇರೆ ಏನೂ ತೋಚದೆ ಅವನ ತಟ್ಟೆಗೆ ಇನ್ನೊಂದು ತುಂಡು ಕೋಳಿ ಹಾಕಿದೆ.

ಟೇಪಿನವನು ಫೈಲು ತೆರೆದ, ಮುಚ್ಚಿದ. "ಹಾಗಾದರೆ ನಾನು ಎಲ್ಲಿ ಮಲಗಬೇಕು? ಬರಲಿಕ್ಕೆ ಹೇಳಿದ್ದು ನೀವೇ. ನಾನು ಅಂಕಾರಾದಿಂದ ಬಂದಿದ್ದೇನೆ. ಬ್ಯಾಗು ಕೆಳಗೆ ವಾಚ್‌ಮನ್ ಹತ್ತಿರ ಇದೆ."

ಎಲ್ಲರೂ ಮೆಲ್ಲಗೆ ಸೋಫಾದ ಕಡೆಗೆ ತಿರುಗಿದರು.

"ಹಾಗಾದರೆ ನೀವು ಯಾರು?" ಎಂದು ಇವರು ಕೇಳಿದರು.

ಭಾರೀ ಆಳು ನಿಧಾನವಾಗಿ ನುಂಗಿ, ಬಾಯಿ ಒರೆಸಿಕೊಂಡ. "ಈಜಿಪ್ಟಿನವನು. ಬಿಲ್ಡಿಂಗ್ ಆಫೀಸಿನಿಂದ ಬಂದಿದ್ದೇನೆ. ಬಂದಾಗಿನಿಂದ ಹೇಳಬೇಕೆಂದಿದ್ದೆ, ನೀವು ಬಾಯಿ ಖಾಲಿ ಬಿಡಲಿಲ್ಲ."

ನನಗೆ ಕರಿಬೇವಿನ ಗಿಡ ಕಣ್ಣಮುಂದೆ ಬಂತು. ಮುಗಿಯಿತು ಎಂದುಕೊಂಡೆ.

"ಮಲಗುವವರಿಂದ ಎಷ್ಟು ತೆಗೆದುಕೊಳ್ಳುತ್ತೀರಿ?" ಎಂದು ಕೇಳಿದ.

"ಏನೂ ಇಲ್ಲ," ಎಂದರು ಇವರು, ಸತ್ತ ಸ್ವರದಲ್ಲಿ.

"ಊಟಕ್ಕೆ?"

"ಅದಕ್ಕೂ ಇಲ್ಲ."

ಅವನು ನನ್ನ ಕಡೆ ತಿರುಗಿದ. "ಮೇಡಂ, ಇದಕ್ಕೆ ನಿಮ್ಮ ಒಪ್ಪಿಗೆ ಇದೆಯಾ?"

"ನನ್ನನ್ನು ಕೇಳಿದವರು ನೀವೇ ಮೊದಲು!" ಎಂದೆ, ಇಷ್ಟು ದಿನದ ಸಿಟ್ಟೆಲ್ಲ ಸೇರಿಸಿ.

ಸೋಫಾ ಅಲುಗಾಡುವಷ್ಟು ನಕ್ಕ. ಫೋನು ತೆಗೆದು ಆಫೀಸಿಗೆ ಅರಬಿಯಲ್ಲಿ ಏನೋ ಹೇಳಿದ. ಆಮೇಲೆ ನಮಗೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ: "ವ್ಯಾಪಾರ ನಡೆಯುತ್ತಿದೆಯಾ ಅಂತ ನೋಡಿ ಬಾ ಎಂದಿದ್ದರು. ಇಷ್ಟು ನಷ್ಟದಲ್ಲಿ ಯಾರೂ ವ್ಯಾಪಾರ ಮಾಡುವುದಿಲ್ಲ ಎಂದು ಹೇಳಿದೆ. ಮನೆ ನಿಮ್ಮದೇ. ಇನ್ನು ಯಾರಾದರೂ ಬರುವುದಿದ್ದರೆ ಮೊದಲೇ ಆಫೀಸಿಗೆ ತಿಳಿಸಿ." ತಟ್ಟೆಯನ್ನು ನನ್ನ ಕಡೆ ಚಾಚಿ, "ತಂಗಿ, ಸಾರು ಸ್ವಲ್ಪ," ಎಂದ.

ಟರ್ಕಿಯವನು ಆ ದಿನ ಸೋಫಾದಲ್ಲೇ ಮಲಗಿದ. ನಿವೃತ್ತ ಸರ್ವೇಯರ್ ಅಂತೆ, ಎಲ್ಲಿ ಹೋದರೂ ಮೊದಲು ಮಲಗುವ ಜಾಗ ಅಳೆಯುವುದು ಅವನ ಅಭ್ಯಾಸ. ಕಾಲು ಮಾತ್ರ ಸ್ವಲ್ಪ ಹೊರಗೆ ಬಂತು.

ಮುಂದಿನ ಶುಕ್ರವಾರ ಈಜಿಪ್ಟಿನವನು ಒಂದು ತಟ್ಟೆ ಸಿಹಿ ಹಿಡಿದುಕೊಂಡು, ಹೆಂಡತಿ ಮಕ್ಕಳ ಸಮೇತ ಊಟಕ್ಕೆ ಬಂದ. ಎಲ್ಲರೂ ತಿನ್ನುತ್ತಿರುವಾಗ ನನ್ನ ಫೋನು ಹೊಡೆದುಕೊಂಡಿತು. ನನ್ನ ನಿಜವಾದ ಅಣ್ಣ. ಹೇಳದೆ ಕೇಳದೆ ಅಬುಧಾಬಿಯಿಂದ ಬಂದು ಕೆಳಗೆ ನಿಂತಿದ್ದ, ಬೆಂಕಿಯಾಗಿದ್ದ.

"ಎಂತದು ಇದು? ನಿನ್ನ ವಾಚ್‌ಮನ್ ನನ್ನನ್ನು ಒಳಗೆ ಬಿಡುದಿಲ್ಲ!"

"ನನ್ನ ಅಣ್ಣ ಅಂತ ಹೇಳು ಮಾರಾಯ," ಎಂದೆ.

"ಹೇಳಿದೆ. ಮೇಡಮ್ಮಿನ ಅಣ್ಣ ಮೇಲೆ ಊಟಕ್ಕೆ ಕೂತು ಆಯ್ತು, ನೀವು ಯಾರು ಅಂತ ನನ್ನನ್ನೇ ಕೇಳ್ತಾನೆ!"