ನಾಗಭೂಷಣನ ಥಾಯ್ ಸೂಪು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಬದನೆಕಾಯಿ ಎಣ್ಣೆಗಾಯಿ.

ನಾಗಭೂಷಣನ ಮನೆ ದಾವಣಗೆರೆಯಲ್ಲಿ, ಗುಮಾಸ್ತಿಕೆ ಹರಿಹರದ ಒಂದು ಕಚೇರಿಯಲ್ಲಿ. ಆ ಕಚೇರಿಯಲ್ಲಿ ಮಧ್ಯಾಹ್ನ ಎಲ್ಲರೂ ಮೇಜು ಜೋಡಿಸಿ ಒಟ್ಟಿಗೆ ಡಬ್ಬಿ ಬಿಚ್ಚುತ್ತಾರೆ. ಬಿಚ್ಚಿದ ಮೇಲೆ ಯಾರ ಡಬ್ಬಿಯೂ ಯಾರದ್ದೂ ಅಲ್ಲ. ಒಬ್ಬರ ರೊಟ್ಟಿಗೆ ಇನ್ನೊಬ್ಬರ ಪಲ್ಯ. ಕಳೆದ ಶ್ರಾವಣದಲ್ಲಿ ಒಂದು ದಿನ, ಪಕ್ಕದ ಮೇಜಿನ ಸುಷ್ಮಾ ನಾಗಭೂಷಣನ ಡಬ್ಬಿಯಿಂದ ಎಣ್ಣೆಗಾಯಿ ತೆಗೆದು ಬಾಯಿಗಿಟ್ಟವಳು ಹಾಗೇ ಕಣ್ಣು ಮುಚ್ಚಿದಳು.

"ಯಾರು ಸರ್ ಮಾಡಿದ್ದು ಇದು?"

ಮಾಡಿದ್ದು ಹೆಂಡತಿ ಕಸ್ತೂರಮ್ಮ. ಅಷ್ಟು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಇಷ್ಟು ವರ್ಷದ ನೌಕರಿಯಲ್ಲಿ ಆ ಮನುಷ್ಯನನ್ನು ಯಾರೂ ಯಾವುದಕ್ಕೂ ಹೊಗಳಿದವರಲ್ಲ. ಹೊಗಳಿಕೆ ಬಾಗಿಲಿಗೆ ಬಂದು ನಿಂತಾಗ ಅದನ್ನು ಹೆಂಡತಿಯ ವಿಳಾಸಕ್ಕೆ ಕಳಿಸಲು ಮನಸ್ಸು ಬರಲಿಲ್ಲ. "ನಾನೇ ಕಣಮ್ಮ" ಎಂದುಬಿಟ್ಟ. ನಾಲಿಗೆ ಜಾರಿತು ಎನ್ನೋಣವೆಂದರೆ, ಮಾರನೆಯ ದಿನವೂ ಅದೇ ಜಾಗದಲ್ಲಿ ಜಾರಿತು. ಆಮೇಲೆ ಅದೇ ರೂಢಿಯಾಯಿತು. ಅದುವರೆಗೆ ಅವನ ಮುಖ ನೋಡಿ ಮಾತಾಡದಿದ್ದ ಸೂಪರಿಂಟೆಂಡೆಂಟ್ ಗುರುಮೂರ್ತಿಯವರು ಈಗ "ಬರ್ರಿ ಪಾಕಶಾಸ್ತ್ರಿಗಳೇ, ಇವತ್ತೇನು ತಂದೀರಿ?" ಎಂದು ಪಕ್ಕದಲ್ಲೇ ಕೂರಿಸಿಕೊಳ್ಳತೊಡಗಿದರು. ನಾಗಭೂಷಣನ ಎದೆ ಸ್ವಲ್ಪ ಅಗಲವಾಯಿತು.

ಕೊನೆಗೆ ಒಂದು ದಿನ ಗುರುಮೂರ್ತಿಯವರು ಬೆರಳು ಚೀಪುತ್ತಾ, "ಡಬ್ಬ್ಯಾಗೆ ಆರಿದ್ದೇ ಹಿಂಗೈತೆ. ಒಂದು ಭಾನುವಾರ ನಿಮ್ಮನೇಗೇ ಬಂದು ಬಿಸಿಬಿಸಿ ಉಣ್ತೀವಿ ನೋಡ್ರಿ" ಎಂದರು. ಸುಷ್ಮಾ ಆಗಲೇ ತಲೆಯಾಡಿಸುತ್ತಿದ್ದಳು. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಕಸ್ತೂರಮ್ಮನ ಎದುರು ಈ ಸುಳ್ಳು ಬಯಲಾದರೆ ಗತಿಯೇನು ಎಂದು ನಾಗಭೂಷಣ್ ಎರಡು ರಾತ್ರಿ ಹೊರಳಾಡಿದ. ಪುಣ್ಯಕ್ಕೆ, ಬರುವ ಭಾನುವಾರ ಅವಳು ತಂಗಿಯ ಮೊಮ್ಮಗುವಿನ ತೊಟ್ಟಿಲ ಕಾರ್ಯಕ್ಕೆ ಸಾರಥಿ ಎಂಬ ಹಳ್ಳಿಗೆ ಹೋಗುವವಳಿದ್ದಳು. "ಈ ಭಾನುವಾರನೇ ಬರ್ರಿ" ಎಂದು ಧಾರಾಳವಾಗಿ ಕರೆದ.

ಇನ್ನು ಉಳಿದದ್ದು ಅಡುಗೆ. ಅವನಿಗೆ ಬರುತ್ತಿದ್ದುದು ಚಹಾ ಒಂದೇ, ಅದೂ ಸುಮಾರಾಗಿ. ರೊಟ್ಟಿ, ಎಣ್ಣೆಗಾಯಿ ಮಾಡಹೊರಟರೆ ಅದು ಹೇಗಿರಬೇಕೆಂದು ಊರಿಗೇ ಗೊತ್ತು. ಯಾರೂ ಇದುವರೆಗೆ ಉಂಡಿರದುದನ್ನು ಮಾಡಿದರೆ? ಕೆಟ್ಟಿದೆ ಎನ್ನಲು ಯಾರಿಗೆ ಧೈರ್ಯ ಬಂದೀತು? ಹೀಗೆ ಯೋಚಿಸುತ್ತಾ ಫೋನು ತಡಕಿದವನಿಗೆ ಥಾಯ್ ಡಂಪ್ಲಿಂಗ್ ಸೂಪು ಸಿಕ್ಕಿತು. ಕಡುಬಿನಂಥ ಸಣ್ಣ ಉಂಡೆಗಳು, ಅವು ತೇಲಲು ಕಾಯಿಹಾಲಿನ ಖಾರದ ಸಾರು. ವಿಡಿಯೊದಲ್ಲಿ ಒಬ್ಬ ಹುಡುಗಿ ನಗುನಗುತ್ತಾ ಹದಿನೈದೇ ನಿಮಿಷದಲ್ಲಿ ಮಾಡಿ ತೋರಿಸಿದಳು. ಉಂಡೆಗಳು ಪ್ಯಾಕೆಟ್ಟಿನಲ್ಲೇ ಸಿಗುತ್ತವಂತೆ. ಇಷ್ಟು ಸುಲಭದ ಕೆಲಸಕ್ಕೆ ಹೆಂಗಸರು ದಿನವಿಡೀ ಒಲೆ ಮುಂದೆ ಯಾಕೆ ನಿಲ್ಲುತ್ತಾರೋ ಎಂದುಕೊಂಡ.

ಭಾನುವಾರ ಬೆಳಿಗ್ಗೆ ಕಸ್ತೂರಮ್ಮ ಚೀಲ ಹಿಡಿದು ಹೊರಟಳು. "ರೊಟ್ಟಿ ಮಾಡಿಟ್ಟೀನಿ, ಗುರೆಳ್ಳು ಪುಡಿ ಐತೆ, ಮೊಸರು ಐತೆ. ಗ್ಯಾಸ್ ಹಚ್ಚಾಕೆ ಮಾತ್ರ ಹೋಗಬ್ಯಾಡ್ರಿ."

"ನಾನ್ಯಾಕೆ ಹಚ್ಚಲಿ" ಎಂದ ನಾಗಭೂಷಣ್.

ಹಿಮಗಟ್ಟಿದ ಉಂಡೆಗಳು ಕಲ್ಲಿನ ಹಾಗಿದ್ದವು. ಮೆತ್ತಗಾಗಲಿ ಎಂದು ಮಹಡಿಯ ಬಿಸಿಲಿಗೆ ಇಟ್ಟು ಬಂದ. ದಾವಣಗೆರೆಯ ಬಿಸಿಲು ತನ್ನ ಕೆಲಸವನ್ನು ಅರ್ಧಂಬರ್ಧ ಮಾಡುವುದಿಲ್ಲ. ಹೋಗಿ ನೋಡಿದರೆ ಅಷ್ಟೂ ಉಂಡೆಗಳು ಕರಗಿ ಕೂಡಿ ಒಂದೇ ಮುದ್ದೆಯಾಗಿ, ಅದರ ಸುತ್ತ ಇರುವೆ ಸೇರಿದ್ದವು. ಸರಿ, ಮೈದಾ ಕಲಸಿದ, ನೀರು ಹೆಚ್ಚಾಯಿತು. ಹಿಟ್ಟು ಹಾಕಿದ, ಹಿಟ್ಟು ಹೆಚ್ಚಾಯಿತು. ಕೋಸು, ಕ್ಯಾರೆಟ್ ತುಂಬಿ ಬಾಯಿ ಮುಚ್ಚಿದರೆ ಒಂದೊಂದೂ ಒಂದೊಂದು ಕಡೆ ಬಾಯಿ ಬಿಡುತ್ತಿತ್ತು. ಹಸಿಮೆಣಸಿನಕಾಯಿ ಜಜ್ಜಿದ ಕೈಯಲ್ಲೇ ಕಣ್ಣೊರೆಸಿಕೊಂಡ. ಆಮೇಲೆ ಸ್ವಲ್ಪ ಹೊತ್ತು ಅವನಿಗೆ ಅಡುಗೆಮನೆಯೇ ಕಾಣಲಿಲ್ಲ.

ಸಾರಿಗೆ ನಿಂಬೆಯ ಘಮದ ಮಜ್ಜಿಗೆ ಹುಲ್ಲು ಬೇಕಿತ್ತು. ಅದು ಇದ್ದದ್ದು ಪಕ್ಕದ ಮನೆಯ ಕಲ್ಲೇಶಪ್ಪನವರ ಕುಂಡದಲ್ಲಿ. ನಿವೃತ್ತ ಮೇಷ್ಟ್ರು, ಪರೋಪಕಾರಿ. ಅವರ ಪರೋಪಕಾರಕ್ಕೆ ಹೆದರಿ ಓಣಿಯ ಜನ ಸೀನುವಾಗಲೂ ಬಾಗಿಲು ಹಾಕಿಕೊಳ್ಳುತ್ತಿದ್ದರು.

"ಮಜ್ಜಿಗೆ ಹುಲ್ಲು ಯಾಕ್ರಿ?" ಕಾಂಪೌಂಡಿನ ಆಚೆಯಿಂದ ಕೇಳಿದರು.

ನಿಜ ಹೇಳಿದರೆ ಸಂಜೆಯೊಳಗೆ ಕಸ್ತೂರಮ್ಮನ ಕಿವಿಗೆ ಬೀಳುವುದು ಖಂಡಿತ. "ಸ್ವಲ್ಪ ನೆಗಡೀರಿ" ಎಂದ.

ಮಜ್ಜಿಗೆ ಹುಲ್ಲು, ಶುಂಠಿ, ಮೆಣಸು ಒಟ್ಟಿಗೆ ಕುದಿಯತೊಡಗಿದರೆ ನಮ್ಮ ಕಡೆಯ ಯಾವ ಮೂಗಿಗೂ ಥಾಯ್ಲೆಂಡ್ ನೆನಪಾಗುವುದಿಲ್ಲ. ಕಷಾಯವೇ ನೆನಪಾಗುವುದು. ಕಲ್ಲೇಶಪ್ಪನವರು ಕಿಟಕಿಯಲ್ಲಿ ಇಣುಕಿದರು. ಕೆಂಡದಂಥ ಕಣ್ಣು, ಸುರಿಯುವ ಮೂಗು, ತಲೆಗೆ ಸುತ್ತಿದ ಟವೆಲ್ಲು, ಪಾತ್ರೆಯ ಹಬೆಗೆ ಬಗ್ಗಿದ ಮುಖ. ನೇರ ಒಳಗೆ ಬಂದು ಹಣೆ ಮುಟ್ಟಿದರು. ಒಲೆಯ ಮುಂದೆ ನಿಂತವನ ಹಣೆ ಸುಡುತ್ತಲೇ ಇತ್ತು.

"ಅಯ್ಯೋ, ಹೆಂಚು ಕಾದಂಗೆ ಕಾದೈತಲ್ರಿ! ಮಲಕ್ಕೊಳ್ರಿ ಮೊದ್ಲು!"

"ಏನೂ ಇಲ್ರಿ ಮೇಷ್ಟ್ರೆ, ಇದು—"

"ಮಾತಾಡಬ್ಯಾಡ್ರಿ. ಜ್ವರದಾಗೆ ಎಲ್ಲರೂ ಹಿಂಗೇ ಅಂತಾರೆ." ಗ್ಯಾಸು ಆರಿಸಿ, ಅವನನ್ನು ಎಳೆದುಕೊಂಡು ಹೋಗಿ ಮಂಚದಲ್ಲಿ ಕೆಡವಿ, ಕೌದಿ ಹೊದಿಸಿ, ಗುಳಿಗೆ ತರಲು ಹೊರಟರು. ಬಾಗಿಲಲ್ಲಿ ತಿರುಗಿ, "ನೀವು ನೆಗಡಿ ಅಂದಾಗ್ಲೇ ಕಸ್ತೂರಮ್ಮಾರಿಗೆ ಜ್ವರ ಅಂತ ಫೋನ್ ಮಾಡೀನಿ, ಹೆದರಬ್ಯಾಡ್ರಿ. ಬಸ್ ಹತ್ಯಾರೆ" ಎಂದರು.

ಕೌದಿಯೊಳಗೆ ನಾಗಭೂಷಣನಿಗೆ ನಿಜವಾಗಿಯೂ ಚಳಿ ಹತ್ತಿತು. ಅಷ್ಟರಲ್ಲಿ ಹೊರಗೆ ಸ್ಕೂಟರ್ ನಿಂತ ಸದ್ದು, ಸುಷ್ಮಾಳ ದನಿ: "ಸರ್, ಬಂದ್ವಿ!"

ಎದ್ದವನೇ ಕೌದಿ ಮಡಚಿ, ಟವೆಲ್ಲು ಬಿಸಾಕಿ, ಗ್ಯಾಸು ಹಚ್ಚಿ, ಕಾಯಿಹಾಲು ಸುರಿದು, ಉಂಡೆಗಳನ್ನು ಬಿಟ್ಟ. ಕಸ್ತೂರಮ್ಮ ಬರುವ ಮೊದಲೇ ಇವರನ್ನು ಉಣಿಸಿ ಕಳಿಸಿಬಿಡಬೇಕು. ಆ ಗಡಿಬಿಡಿಯಲ್ಲಿ ಉಪ್ಪು ಮರೆತ. ಗುರುಮೂರ್ತಿಯವರು ಒಂದು ಚಮಚ ಕುಡಿದು ಗೋಡೆಯ ಕ್ಯಾಲೆಂಡರ್ ನೋಡಿದರು. ಇನ್ನೊಂದು ಚಮಚ ಕುಡಿದು ಕೇಳಿದರು: "ಥಾಯ್ಲೆಂಡಿನಾಗೆ ಉಪ್ಪು ತಿನ್ನಲ್ಲೇನ್ರಿ?"

"ಕಡಿಮೆ" ಎಂದ ನಾಗಭೂಷಣ್, ಒಂದು ಕಣ್ಣು ಬಾಗಿಲ ಮೇಲಿಟ್ಟು.

ಬಾಗಿಲಲ್ಲಿ ಕಸ್ತೂರಮ್ಮ ನಿಂತಿದ್ದಳು. ಬಸ್ ಸ್ಟ್ಯಾಂಡಿನಿಂದ ಓಡುತ್ತಲೇ ಬಂದಿರಬೇಕು. ಸೆರಗು ಜಾರಿತ್ತು, ಉಸಿರು ಸಿಗುತ್ತಿರಲಿಲ್ಲ. "ಏನ್ರೀ, ಜ್ವರ ಅಂತೆ?"

"ಜ್ವರನಾ?" ಸುಷ್ಮಾ ಬಟ್ಟಲು ಕೆಳಗಿಟ್ಟಳು. "ಜ್ವರ ಇಟ್ಕೊಂಡು ನಮಗೋಸ್ಕರ ಅಡಿಗೆ ಮಾಡೀರಾ ಸರ್? ಅಕ್ಕಾರೆ, ಪುಣ್ಯ ಮಾಡೀರಿ ನೀವು. ದಿನಾ ಐದಕ್ಕೆದ್ದು ತಾವೇ ಡಬ್ಬಿ ಮಾಡ್ಕೊಂಡು ಬರೋ ಗಂಡ ಯಾರಿಗೆ ಸಿಗ್ತಾರೆ ಹೇಳ್ರಿ? ಆ ಎಣ್ಣೆಗಾಯಿ, ಆ ಹೆಸರುಕಾಳು ಪಲ್ಯ... ನಮ್ಮನೇರು ನೀರು ಕಾಯ್ಸಿದ್ರೂ ತಳ ಹಿಡಿಸ್ತಾರೆ!"

ಕಸ್ತೂರಮ್ಮ ಗಂಡನನ್ನು ನೋಡಿದಳು. ಅವನು ತನ್ನ ಬಟ್ಟಲಲ್ಲಿ ಬಾಯಿಬಿಟ್ಟುಕೊಂಡು ತೇಲುತ್ತಿದ್ದ ಉಂಡೆಯನ್ನು ನೋಡುತ್ತಿದ್ದ. ಜ್ವರವೆಂದು ಕೇಳಿ, ಬಡಿಸಿದ ಎಲೆ ಬಿಟ್ಟು ಓಡಿ ಬಂದವಳು ಅವಳು. ಅದು ಹೊಳೆದು ನಾಗಭೂಷಣನಿಗೆ ತನ್ನ ಮೇಲೇ ಅಸಹ್ಯವಾಯಿತು.

"ಹೌದಮ್ಮ" ಎಂದಳು ಕಸ್ತೂರಮ್ಮ. "ನಾನು ಏಳೋದ್ರಾಗೆ ಡಬ್ಬಿ ಕಟ್ಟಿರ್ತಾರೆ."

ಸೂಪಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಉಪ್ಪು ಹಾಕಿ, ನಿಂಬೆಹಣ್ಣು ಹಿಂಡಿ, ಏನೋ ಒಂದಿಷ್ಟು ಕುಟ್ಟಿ ಹಾಕಿ ಕುದಿಸಿ ತಂದಳು. ಎರಡನೇ ಬಟ್ಟಲು ಬಾಯಿಗಿಟ್ಟು ಸುಷ್ಮಾ ಕಣ್ಣು ಮುಚ್ಚಿದಳು. "ಇನ್ನೊಂದು ಕುದಿ ಕುದ್ದ ಮೇಲೆ ರುಚಿ ಕೂಡ್ತೈತಲ್ರಿ ಇದು!" ಎಂದು ಗುರುಮೂರ್ತಿಯವರು ನಾಗಭೂಷಣನ ಬೆನ್ನು ಚಪ್ಪರಿಸಿದರು. ಹೊಗಳಿಕೆ ಈ ಸಲವೂ ಅವನ ಹತ್ತಿರವೇ ಬಂತು.

ಅತಿಥಿಗಳು ಹೋದರು. ಗುಳಿಗೆ ತಂದ ಕಲ್ಲೇಶಪ್ಪನವರಿಗೆ ಒಂದು ಬಟ್ಟಲು ಸೂಪು ಕೊಟ್ಟು, ಅದನ್ನು ಕಷಾಯವೆಂದೇ ನಂಬಿಸಿ ಕಳಿಸಿದ್ದಾಯಿತು. ಕಸ್ತೂರಮ್ಮ ಗೋಡೆಗೆ ಒರಗಿ ಕುಳಿತಳು. ಬೈಗುಳಕ್ಕೆ ನಾಗಭೂಷಣ್ ತಯಾರಾಗಿ ನಿಂತ.

"ಯಾವಾಗಿನಿಂದ?"

"ಶ್ರಾವಣದಿಂದ."

"ಎಣ್ಣೆಗಾಯಿಗೆ ಏನಂದ್ರು ಅವ್ರು?"

ಹೇಳಿದ. ಹೆಸರುಕಾಳಿಗೆ ಏನಂದರು, ಕಾರ ಹುಣ್ಣಿಮೆಯ ಹೋಳಿಗೆ ತಿಂದು ಗುರುಮೂರ್ತಿಯವರು ಯಾರನ್ನು ನೆನೆಸಿಕೊಂಡರು, ಪುಂಡಿಪಲ್ಯಕ್ಕೆ ಎಷ್ಟು ಕೈ ಬಂದವು ಎಂದು ಒಂದೊಂದೇ ಕೇಳಿದಳು, ಅವನು ಒಂದೊಂದೇ ಹೇಳಿದ. ಅವಳು ಮೊದಲ ಬಾರಿಗೆ ಕೇಳುತ್ತಿದ್ದಳು. ಅವಳ ಕಣ್ಣು ತುಂಬಿದ್ದು ನೋಡಿ ನಾಗಭೂಷಣನಿಗೆ ಬೈದಿದ್ದರೇ ಚೆನ್ನಾಗಿತ್ತು ಎನಿಸಿತು. ಇಷ್ಟು ಚಿಕ್ಕ ಸಂತೋಷವನ್ನು ತಾನು ಮನೆಯವರೆಗೆ ತರದೆ ದಾರಿಯಲ್ಲೇ ತಿಂದು ಮುಗಿಸಿದ್ದೆನಲ್ಲ ಎಂದು ಬೇಯತೊಡಗಿದ.

"ಸರಿ" ಎಂದು ಕಣ್ಣೊರೆಸಿಕೊಂಡಳು. "ನಾಳೆ ಐದಕ್ಕೆ ಏಳ್ರಿ."

"ಯಾಕೆ?"

"ಡಬ್ಬಿ ಮಾಡಾಕೆ. ನಾಕು ಜನದ ಮುಂದೆ ನೀವೇ ಮಾಡ್ತೀರಿ ಅಂದೀನಿ. ನನ್ನ ಮಾತು ಸುಳ್ಳು ಮಾಡಬ್ಯಾಡ್ರಿ. ಸಂಜೆ ಬಂದು ಅವ್ರು ಏನಂದ್ರು ಅಂತ ಒಂದು ಮಾತೂ ಬಿಡದಂಗೆ ಹೇಳ್ಬೇಕು."

ಸೋಮವಾರ ಐದಕ್ಕೆದ್ದು ನಾಗಭೂಷಣ್ ಚಪಾತಿ ಲಟ್ಟಿಸಿದ, ಬೆಂಡೆಕಾಯಿ ಪಲ್ಯ ಮಾಡಿದ. ಕಸ್ತೂರಮ್ಮ ಮಣೆ ಮೇಲೆ ಕೂತು ಚಹಾ ಕುಡಿಯುತ್ತಾ ನೋಡಿದಳೇ ಹೊರತು ಕೈ ಹಚ್ಚಲಿಲ್ಲ. ಬೆರಳು ಸುಟ್ಟರೂ, ಬಸ್ಸಿನಲ್ಲಿ ಹೋಗುವಾಗ ಅವನ ಮನಸ್ಸು ಹಗುರವಾಗಿತ್ತು. ಇವತ್ತು ಏನೇ ಅಂದರೂ ಅದು ನನ್ನದೇ, ಕದ್ದದ್ದಲ್ಲ ಎಂದುಕೊಂಡ.

ಮಧ್ಯಾಹ್ನ ಸುಷ್ಮಾ ಬೆಂಡೆಕಾಯಿ ಬಾಯಿಗಿಟ್ಟಳು. ಕಣ್ಣು ಮುಚ್ಚಲಿಲ್ಲ. ಗುರುಮೂರ್ತಿಯವರು ಚಪಾತಿಯನ್ನು ಎರಡೂ ಕೈಯಲ್ಲಿ ಎಳೆದು ನೋಡಿ ಕೆಳಗಿಟ್ಟರು.

"ಸರ್," ಸುಷ್ಮಾ ದನಿ ತಗ್ಗಿಸಿದಳು, "ಇವತ್ತು ಅಕ್ಕಾರು ಮಾಡಿದ್ರಾ?"

"ಇಲ್ಲಮ್ಮ, ನಾನೇ. ದೇವರಾಣೆ ನಾನೇ ಮಾಡಿದ್ದು. ಇಷ್ಟು ದಿನ ಮಾಡ್ತಿದ್ದೋಳು ಅವಳು!" ನಾಗಭೂಷಣ್ ಶ್ರಾವಣದ ಎಣ್ಣೆಗಾಯಿಯಿಂದ ಹಿಡಿದು ಎಲ್ಲವನ್ನೂ ಒಪ್ಪಿಸಿದ. ಕಚೇರಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು.

"ನೋಡಮ್ಮ ಸುಷ್ಮಾ," ಗುರುಮೂರ್ತಿಯವರು ಕಣ್ಣೀರು ಒರೆಸಿಕೊಂಡರು, "ಗಂಡ ಅಂದ್ರೆ ಹಿಂಗಿರಬೇಕು. ಹೆಂಡ್ತಿ ಕೆಡಿಸಿದ್ದನ್ನ ತನ್ನ ತಲೆ ಮೇಲೆ ಹಾಕ್ಕೊಂಡು, ತಾನು ಮಾಡಿದ್ದನ್ನೆಲ್ಲ ಆಕೆ ಹೆಸರಿಗೆ ಬರೀತಾರೆ!"

"ಅಕ್ಕಾರಿಗೆ ಏನೂ ಅನ್ನಬ್ಯಾಡ್ರಿ ಸರ್" ಎಂದಳು ಸುಷ್ಮಾ, ನಿಜವಾದ ಕರುಣೆಯಿಂದ. "ಪಾಪ, ನಿಮ್ಮನ್ನ ನೋಡ್ಕಂತಾ ನಿಧಾನಕ್ಕೆ ಕಲೀತಾರೆ."

ಸಂಜೆ ದಾವಣಗೆರೆಯ ಬಸ್ಸಿನಲ್ಲಿ ನಾಗಭೂಷಣ್ ಕಿಟಕಿಗೆ ತಲೆ ಆನಿಸಿ ಕೂತ. ಹೇಳಬೇಕಾದ ಮಾತನ್ನು ಹತ್ತು ಥರ ತಿರುಗಿಸಿ ನೋಡಿದ, ಒಂದೂ ಹೊಂದಲಿಲ್ಲ. ಓಣಿ ತಿರುಗಿದರೆ ಕಸ್ತೂರಮ್ಮ ಆಗಲೇ ಬಾಗಿಲಲ್ಲಿ ನಿಂತಿದ್ದಳು, ತಲೆ ಬಾಚಿ ಹೂ ಮುಡಿದುಕೊಂಡು.

"ಬಂದ್ರಾ? ಕೂಡ್ರಿ, ಕೂಡ್ರಿ" ಎಂದು ಡಬ್ಬಿ ಇಸಿದುಕೊಂಡಳು. "ಏನಂದ್ರು?"