ಕಳ್ಳ ಸುದ್ದಾ ಮುಟ್ಟದ ಕುಂಡ

ಸಿಮೆಂಟಿಗೆ ಕೈ ಹಚ್ಚಿದಾಗಿಂದ ನಮ್ಮ ಮನ್ಯಾಗ ಒಂದಿಲ್ಲ ಒಂದು ಭಾನಗಡಿ ನಡದೇ ಇರತೈತಿ. ಬ್ಯಾರೆಯವರ ಮನ್ಯಾಗ ಹಾಲು ಉಕ್ಕಿದ ಸುದ್ದಿ, ಬೀಗರು ಬಂದ ಸುದ್ದಿ. ನಮ್ಮಲ್ಲಿ ಬರೇ ಕುಂಡದ ಸುದ್ದಿ.

ನಾವು ಧಾರವಾಡ ಕಡೆಯವರು. ನಮ್ಮನಿಯವರಿಗೆ ನಾಗಪುರದ ಸಿವಿಲ್ ಲೈನ್ಸ್‌ನ್ಯಾಗ ಸರಕಾರಿ ಆಫೀಸು. ಇಲ್ಲಿಗೆ ಬಂದು ಮನೀಶ್ ನಗರದಾಗ ಫ್ಲ್ಯಾಟ್ ತಗೊಂಡು ಭಾಳ ವರ್ಷ ಆತು. ಯಾರೋ ಸಿಮೆಂಟು, ಉಸುಕು ಕಲಿಸಿ ಮನ್ಯಾಗ ಚಂದ ಚಂದ ಹೂವಿನ ಕುಂಡ ಮಾಡೂದನ್ನ ಮೊಬೈಲಿನ್ಯಾಗ ನೋಡಿದೆ. ಮರುದಿನನ ಬಾಲ್ಕನಿಯೊಳಗ ನಾನೂ ಚಾಲೂ ಮಾಡಿದೆ. ನನ್ನ ಮೊದಲನೇ ಕುಂಡ ನೋಡಿ ನಮ್ಮನಿಯವರು ಚಹಾದ ಕಪ್ಪು ಕೆಳಗಿಟ್ಟು, "ಇದನ್ನ ಗೇಟಿನ ಹೊರಗಿಟ್ಟರ ಕಳ್ಳ ಸುದ್ದಾ ಮುಟ್ಟೂದಿಲ್ಲ" ಅಂದ್ರು.

ಆ ಮಾತು ಎದಿಗೆ ನಟ್ಟಿತು ನೋಡ್ರಿ. ಇದೇ ಮನಶ್ಯಾನ ಬಾಯಿಂದ ನನ್ನ ಕುಂಡ ಚಲೋ ಐತಿ ಅಂತ ಅನಸಬೇಕು, ಅಲ್ಲೀತನಕ ಸಿಮೆಂಟು ಬಿಡೂದಿಲ್ಲ ಅಂತ ಹಟ ಹಿಡದೆ.

ಚಟ್ನಿ ಡಬ್ಬಿ

ಕುಂಡಕ್ಕ ಹೊರಗೊಂದು ಅಚ್ಚು ಬೇಕು, ನಡುವ ಟೊಳ್ಳು ಆಗಾಕ ಒಳಗೊಂದು ಅಚ್ಚು ಬೇಕು. ಹೊರಗಿಂದಕ್ಕ ಹಳೇ ಬಕೆಟ್ ಸಿಕ್ತು. ಒಳಗಿಂದಕ್ಕ ಅಡಗಿಮನಿ ಎಲ್ಲಾ ಹುಡುಕಿ, ಅತ್ತಿಯವರ ಶೇಂಗಾ ಚಟ್ನಿಯ ಸ್ಟೀಲ್ ಡಬ್ಬಿನ ಬರೋಬರ್ ಅಂತ ಖಾಲಿ ಮಾಡಿದೆ. ಅತ್ತಿಯವರು ಮಧ್ಯಾಹ್ನದ ನಿದ್ದ್ಯಾಗಿದ್ರು. ಅವರು ಏಳೂದರೊಳಗ ಕೆಲಸ ಮುಗಿಸೂ ಗಡಿಬಿಡಿಯೊಳಗ ಡಬ್ಬಿಗೆ ಎಣ್ಣಿ ಸವರೂದನ್ನ ಮರತೆ. ಎಣ್ಣಿ ಇಲ್ಲದಿದ್ದರ ಸಿಮೆಂಟು ಅಚ್ಚು ಬಿಡಬೇಕಲ್ಲ? ಬಿಡಲಿಲ್ಲ. ಬಕೆಟ್ ಕಳಚಿ ಬಂತು, ಡಬ್ಬಿ ಮಾತ್ರ ಸಿಮೆಂಟಿನೊಳಗ ಗಟ್ಟಿ ಕೂತು ಬಿಡ್ತು. ನಾನು ಜಗ್ಗಿದೆ, ನಮ್ಮನಿಯವರು ಜಗ್ಗಿದ್ರು, ಇಬ್ಬರೂ ಕೂಡಿ ಜಗ್ಗಿದ್ವಿ.

ಅದು ಅತ್ತಿಯವರ ತವರುಮನಿಯಿಂದ ಬಂದ ಡಬ್ಬಿ. ಇನ್ನ ನನ್ನ ಕತಿ ಮುಗೀತು ಅಂತ ಅವರ ಮುಂದ ತಂದಿಟ್ಟೆ. ಅತ್ತಿಯವರು ಮುಚ್ಚಳ ಹಾಕಿ ನೋಡಿದ್ರು, ತಗದು ನೋಡಿದ್ರು. ಮುಚ್ಚಳ ಬರೋಬರ್ ಕೂಡತಿತ್ತು.

"ಇರಲಿ ಬಿಡವಾ" ಅಂದ್ರು. "ನನ್ನ ಮಗ ಡಬ್ಬಿನ ಎತಗೊಂಡು ರೂಮಿಗೆ ಹೋಗಿ ಚಟ್ನಿ ಖಾಲಿ ಮಾಡತಿದ್ದ. ಈಗ ಒಯ್ಯಲಿ ನೋಡೂಣು."

ಇವತ್ತಿಗೂ ನಮ್ಮ ಚಟ್ನಿ ಅದರಾಗನ ಇರತೈತಿ. ಹುಬ್ಬಳ್ಳಿಯಿಂದ ಬಂದ ಬೀಗರು ಚಟ್ನಿ ಹಾಕ್ಕೊಳ್ಳಾಕ ಒಂದ ಕೈಲೆ ಡಬ್ಬಿ ಎತ್ತಾಕ ಹೋಗಿ ಅದರ ಭಾರಕ್ಕ ಊಟದ ತಾಟಿನ ಮ್ಯಾಲೆನ ಬಗ್ಗಿದ್ರು.

ಕೂಲರ್

ಹೊಸಾ ಕುಂಡಕ್ಕ ಕೆಲವು ದಿನ ನೀರು ಕುಡಿಸಬೇಕು, ಇಲ್ಲಂದ್ರ ಬಿರಿತೈತಿ. ನಾಗಪುರದ ಮೇ ತಿಂಗಳದಾಗ ಕುಂಡಕ್ಕ ನೀರು ಹಾಕಿ ಒಳಗ ಬಂದು ಪಂಖಾ ಹಚ್ಚೂದರೊಳಗ ಅದು ಒಣಗಿ ಹಪ್ಪಳ ಆಗಿರತೈತಿ. ಸಾಲಾಗಿ ಕುಂಡ ಒಡದು ನನ್ನ ಜೀವಾನೂ ಒಡದಂಗಾತು. ಅಷ್ಟರಾಗ ಕಿಡಕಿಗೆ ಕೂಡಿಸಿದ ಕೂಲರ್ ಕಣ್ಣಿಗೆ ಬಿತ್ತು. ಹಗಲೂ ರಾತ್ರಿ ಅದರ ಟಾಕಿ ತುಂಬ ತಣ್ಣೀರು. ಇಷ್ಟು ಚಲೋ ಜಾಗಾ ಮನ್ಯಾಗ ಇಟಗೊಂಡು ನಾ ಯಾಕ ಒದ್ದಾಡಲಿ ಅಂತ ಸಣ್ಣ ಸಣ್ಣ ಕುಂಡ ಎಲ್ಲಾ ಅದರಾಗ ಮುಳುಗಿಸಿಟ್ಟೆ. ನನ್ನ ಶಾಣ್ಯಾತನಕ್ಕ ನಾನ ಖುಷಿ ಆದೆ.

ಎರಡು ದಿನ ಆದ ಮ್ಯಾಲೆ ನಮ್ಮನಿಯವರು ಬನಿಯನ್ ಹಾಕ್ಕೊಂಡು ಕೂಲರ್ ಮುಂದ ಕೂತು, ಯಾಕೋ ಹೊಸಾ ಬಿಲ್ಡಿಂಗಿನ ವಾಸನಿ ಬರಾಕತ್ತೈತಿ ಅಂದ್ರು. ಬಾಜೂದಾಗ ಕಟ್ಟಡ ನಡದೈತಲ್ಲ, ಅದು ಅಂದೆ. ಮರುದಿನ ಕೂಲರಿನ ಪಂಪು ಗೊರ್ ಅಂತ ನಿಂತು ಬಿಡ್ತು. ಹೊರಗ ಬೆಂಕಿಯಂಥಾ ಬಿಸಲು, ಒಳಗ ನಮ್ಮನಿಯವರ ಮಾರಿ ಅದಕ್ಕಿಂತ ಕೆಂಪು.

ಕೂಲರ್ ರಿಪೇರಿಯವ ಬಂದು ಪಂಪಿನೊಳಗಿನ ಬಿಳೇ ರಾಡಿ ತಗದ. ಆಮ್ಯಾಲೆ ಟಾಕಿಯೊಳಗ ಕೈ ಹಾಕಿ ಒಂದೊಂದ ಕುಂಡ ಹೊರಗ ತಗದು ಸಾಲಾಗಿ ಇಟ್ಟ. ಅವ ಒಂದು ಕುಂಡ ಬೆರಳಿಲೆ ಬಡದು ನೋಡಿ, "ಭಾಭೀಜಿ, ಇವು ಪಕ್ಕಾ ಆಗ್ಯಾವು. ಕೂಲರ್ ಕಚ್ಚಾ ಆಗೈತಿ" ಅಂತ ಹಿಂದಿಯೊಳಗ ಹೇಳಿದ.

ನಮ್ಮನಿಯವರಿಗೆ ಎರಡನೇ ಮಾತು ಅಷ್ಟ ಕೇಳಿಸ್ತು. ನನಗ ಮೊದಲನೇದು.

ಲಿಫ್ಟು

ನಮ್ಮ ಸೊಸೈಟಿ ಗೇಟಿಗೆ ಹೂವಿನ ಕುಂಡ ಇಡೂದು ಅಂತ ಮೀಟಿಂಗಿನ್ಯಾಗ ಠರಾವು ಆತು. ಸೆಕ್ರೆಟರಿ ಆಗಲೇ ಬಜಾರದಿಂದ ಕೆಂಪು ಪ್ಲಾಸ್ಟಿಕ್ ಕುಂಡ ತಂದು ಸಾಲಾಗಿ ಹೊಂದಿಸಿದ್ರು. ಮನ್ಯಾಗ ಮಾಡಾಕಿ ಇರೂ ಮುಂದ ಪ್ಲಾಸ್ಟಿಕ್ ಯಾಕ ಅಂತ ನಾ ಎದ್ದು ನಿಂತು ಕೇಳಿದೆ. ಅವರು ತಲಿ ಕೆರಕೊಂಡು, ಆತು ವಹಿನಿ, ಎರಡೂ ತುದಿಗೆ ಒಂದೊಂದು ನಿಮ್ಮದು ಇಡೂಣು ಅಂದ್ರು. ನಮ್ಮನಿಯವರು ಕುರ್ಚಿಯೊಳಗ ಸಣ್ಣಗಾಗಿ ಕೂತಿದ್ರು.

ಅಂಥಾ ಕುಂಡ ನಾ ಮೊದಲೂ ಮಾಡಿರಲಿಲ್ಲ, ಆಮ್ಯಾಲೂ ಮಾಡಿಲ್ಲ. ಸುತ್ತಲೂ ಕಮಲದ ಎಸಳು, ನುಣುಪಂದ್ರ ಕೈ ಜಾರಬೇಕು. ಒಯ್ಯೂ ದಿನ ಎರಡೂ ಕುಂಡ, ನಾನು, ನಮ್ಮನಿಯವರು, ಸೆಕ್ರೆಟರಿ, ವಾಚ್‌ಮನ್ ಎಲ್ಲಾ ಕೂಡಿ ಲಿಫ್ಟಿನ್ಯಾಗ ತುಂಬಿಕೊಂಡ್ವಿ. ಭಾರ ಹೆಚ್ಚಾಗಿ ಲಿಫ್ಟು ಗುಂಯ್ ಅಂತ ಒದರಾಕತ್ತಿತು. ವಾಚ್‌ಮನ್ ಇಳದ, ಒದರಿತು. ಸೆಕ್ರೆಟರಿ ಇಳದ್ರು, ಮತ್ತೂ ಒದರಿತು. ನಮ್ಮನಿಯವರು ಕುಂಡದ ಕಡೆ ನೋಡಿದ್ರು, ನನ್ನ ಕಡೆ ನೋಡಿದ್ರು. ನಾ ಕುಂಡ ಹಿಡಕೊಂಡು ನಿಂತಿದ್ದೆ. ಅವರು ಇಳದ ಕೂಡ್ಲೆ ಲಿಫ್ಟು ಸುಮ್ಮನಾತು.

"ಈ ಲಿಫ್ಟಿಗೂ ನಿನ್ನ ಚಾಳಿ ಹತ್ತೈತಿ" ಅಂತ ಗೊಣಗಿಕೊಂತ ಮೆಟ್ಟಲ ಇಳಕೊಂತ ಬಂದ್ರು.

ಕಳ್ಳ

ಗೇಟಿನ ಎರಡೂ ತುದಿಗೆ ನನ್ನ ಕುಂಡ, ನಡುವ ಪ್ಲಾಸ್ಟಿಕ್. ಒಂದು ಮುಂಜಾನೆ ಸೆಕ್ರೆಟರಿ ಸಪ್ಪನ್ನ ಮಾರಿ ಮಾಡಕೊಂಡು ಮ್ಯಾಲೆ ಬಂದು, ವಹಿನಿ, ಭಾಳ ಕೆಟ್ಟಾತು, ನಿಮ್ಮ ಒಂದು ಕುಂಡ ಕಳುವಾಗೈತಿ ಅಂದ್ರು.

ನಾ ಗ್ಯಾಸ್ ಆರಿಸಿ ಚಪ್ಪಲಿ ಇಲ್ಲದನ ಕೆಳಗ ಓಡಿದೆ. ಖರೇನ ಇರಲಿಲ್ಲ. ಪ್ಲಾಸ್ಟಿಕ್ ಕುಂಡ ಮಾತ್ರ ಒಂದೂ ಅಳಗಾಡಿರಲಿಲ್ಲ. ಅಷ್ಟ ಅಲ್ಲ, ನನ್ನ ಕುಂಡದಾಗಿದ್ದ ಚೆಂಡು ಹೂವಿನ ಸಸಿನ ಕಳ್ಳ ಬೇರು ಸಮೇತ ಹುಷಾರಿಲೆ ಕಿತ್ತು, ಬಾಜೂದ ಪ್ಲಾಸ್ಟಿಕ್ ಕುಂಡದಾಗ ನೆಟ್ಟು ಹೋಗಿದ್ದ. ಅಂದ್ರ ಅವಗ ಹೂ ಬೇಕಾಗಿರಲಿಲ್ಲ, ಕುಂಡ ಬೇಕಾಗಿತ್ತು. ಅದೂ ಒಬ್ಬರು ಎತ್ತೂವಂಥಾದ್ದಲ್ಲ. ಕಮ್ಮೀತ ಕಮ್ಮಿ ಇಬ್ಬರ ಮನಸಿಗೆ ಬಂದೈತಿ.

ಸುತ್ತಲಿನವರು ಪಾಪ ಪಾಪ ಅನ್ನಾಕತ್ತಿದ್ರು. ನನಗ ನಗಿ ತಡಕೊಳ್ಳಾಕ ಆಗಲಿಲ್ಲ. ನಮ್ಮನಿಯವರನ್ನ ಕಳಿಸಿ ಕಿತ್ತಳಿ ಹಣ್ಣಿನ ಸಂತ್ರಾ ಬರ್ಫಿ ತರಿಸಿ, ಇಡೀ ಬಿಲ್ಡಿಂಗಿಗೆ ಹಂಚಿದೆ. ಸೆಕ್ರೆಟರಿ ಬರ್ಫಿ ಕೈಯಾಗ ಹಿಡಕೊಂಡು, ಪೊಲೀಸರಿಗೆ ಹೇಳೂಣೇನು ಅಂತ ಕೇಳಿದ್ರು. ಬ್ಯಾಡ ಅಂದೆ. ಕಳ್ಳ ಸಿಕ್ಕರ ಜೋಡಿದು ಬೇಕೇನು ಅಂತ ಕೇಳ್ರಿ ಅಂದೆ.

ಉಳಿದ ಕುಂಡಕ್ಕ ಈಗ ಸೊಸೈಟಿಯವರು ಸರಪಳಿ ಹಾಕಿ ಬೀಗ ಜಡದಾರ. ಪ್ಲಾಸ್ಟಿಕ್ ಕುಂಡ ಬಿಡುಬೀಸಾಗಿ ಕೂತಾವು. ಸಂಜೀಕ ಆಫೀಸಿನಿಂದ ಬಂದ ನಮ್ಮನಿಯವರು ಆಕಡೆ ಈಕಡೆ ನೋಡಿ, ಬೀಗ ಒಮ್ಮೆ ಜಗ್ಗಿ ನೋಡೇ ಮ್ಯಾಲೆ ಬರತಾರ. ಬಾಲ್ಕನಿಯಿಂದ ದಿನಾ ನೋಡಿ ನೋಡಿ ಸಾಕಾಗಿ ಒಂದಿನ ಕೇಳೇ ಬಿಟ್ಟೆ:

"ಏನ್ರಿ, ಕಳ್ಳ ಸುದ್ದಾ ಮುಟ್ಟೂದಿಲ್ಲ ಅಂದಿದ್ರಿ?"

ಬೂಟು ಬಿಚ್ಚಿಕೊಂತ, ನನ್ನ ಮಾರಿ ನೋಡದನ ಅಂದ್ರು:

"ಆ ಕಳ್ಳಗ ಚಲೋ ಯಾವುದು ಅನ್ನೂದು ತಿಳೀತೈತಿ. ಅದಕ್ಕ ಅಂಜಿಕಿ."